ಖಾಕಿ ತೊಡುವವರಿಗೂ, ಠಾಣೆ ಮೆಟ್ಟಿಲು ಹತ್ತುವವರಿಗೂ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡುವ ನನ್ನ ಹತ್ತಿರ ಎರಡು ಥರದ ಜನ ಬರುತ್ತಾರೆ. ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಒಂದು ಕಡೆ. ಮಗನನ್ನು ಠಾಣೆಗೆ ಕರೆದುಕೊಂಡು ಹೋದರು ಎಂದು ಕಣ್ಣೊರೆಸಿಕೊಳ್ಳುತ್ತಾ ಬರುವ ತಾಯಂದಿರು ಇನ್ನೊಂದು ಕಡೆ. ಮೊದಲನೆಯವರು ಬಂಧಿತರ ಹಕ್ಕುಗಳನ್ನು ಹೇಳುವ ಸಂವಿಧಾನದ 22ನೇ ವಿಧಿಯನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿರುತ್ತಾರೆ. ಎರಡನೆಯವರಿಗೆ ಅದೇ ವಿಧಿ ಆ ರಾತ್ರಿಯೇ ಬೇಕಾಗಿರುತ್ತದೆ, ಆದರೆ ಅಂಥದ್ದೊಂದು ಇದೆ ಎನ್ನುವುದೇ ಗೊತ್ತಿರುವುದಿಲ್ಲ. ಅದಕ್ಕೇ ಇಬ್ಬರ ಪ್ರಶ್ನೆಗಳನ್ನೂ ಒಂದೇ ಕಡೆ ಇಟ್ಟಿದ್ದೇನೆ. ಇವತ್ತು ಮೈದಾನದಲ್ಲಿ ಓಡುವ ಹುಡುಗನೇ ನಾಳೆ ಆ ತಾಯಿಯ ಎದುರು ಮೇಜಿನ ಆಚೆ ಕೂರುವವನು.

ಒಂದು ಮಾತು ಮೊದಲೇ ಹೇಳುತ್ತೇನೆ. 2024ರ ಜುಲೈ 1ರಿಂದ, ಬಂಧನ ತನಿಖೆಗಳು ಹೇಗೆ ನಡೆಯಬೇಕು ಎಂದು ಹೇಳುತ್ತಿದ್ದ ಹಳೆಯ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಎಲ್ಲರೂ ಅದನ್ನು ಬಿಎನ್‌ಎಸ್‌ಎಸ್ ಎನ್ನುತ್ತಾರೆ. ಇಲ್ಲಿ ಬರುವ ಸೆಕ್ಷನ್ ನಂಬರ್‌ಗಳೆಲ್ಲ ಈ ಹೊಸ ಕಾನೂನಿನವು.

ಪೊಲೀಸ್ ಕಾನ್‌ಸ್ಟೆಬಲ್ ಆಗಲು ಎಷ್ಟು ಓದಿರಬೇಕು?

ಪೊಲೀಸ್ ಇಲಾಖೆ ರಾಜ್ಯದ ಕೈಯಲ್ಲಿರುವ ವಿಷಯ. ಹಾಗಾಗಿ ಪ್ರತಿ ರಾಜ್ಯದ ನಿಯಮ ಬೇರೆ. ಕರ್ನಾಟಕದಲ್ಲಿ ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಆಗಿರಬೇಕು. ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್‌ಗೆ ಎಸ್‌ಎಸ್‌ಎಲ್‌ಸಿ ಸಾಕು. ಪಿಎಸ್‌ಐ ಆಗಲು ಪದವಿ ಬೇಕು. ಡಿವೈಎಸ್‌ಪಿ ಹುದ್ದೆಗೆ ನೇರ ನೇಮಕ ಕೆಪಿಎಸ್‌ಸಿ ಮೂಲಕ, ಐಪಿಎಸ್‌ಗೆ ಯುಪಿಎಸ್‌ಸಿ ಮೂಲಕ.

ವಯಸ್ಸಿನ ಮಿತಿ ಆಗಾಗ ಬದಲಾಗುತ್ತದೆ. ಅದನ್ನು ಆ ವರ್ಷದ ಅಧಿಸೂಚನೆಯಲ್ಲೇ ನೋಡಿ. ಯಾರೋ ಹೇಳಿದ್ದನ್ನು ನಂಬಿ ಅರ್ಜಿ ಹಾಕದೆ ಬಿಟ್ಟ ಹುಡುಗರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ದೈಹಿಕ ಪರೀಕ್ಷೆಯಲ್ಲಿ ಏನೇನು ಇರುತ್ತದೆ?

ಗಂಡು ಮಕ್ಕಳಿಗೆ ಸಾಮಾನ್ಯವಾಗಿ 168 ಸೆಂಟಿಮೀಟರ್ ಎತ್ತರ ಕೇಳುತ್ತಾರೆ. ಎದೆಯ ಸುತ್ತಳತೆ 86 ಸೆಂಟಿಮೀಟರ್, ಉಸಿರು ತುಂಬಿಕೊಂಡಾಗಿನ ಹಿಗ್ಗುವಿಕೆ ಕನಿಷ್ಠ 5 ಸೆಂಟಿಮೀಟರ್ ಇರಬೇಕು. 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಹೆಣ್ಣು ಮಕ್ಕಳಿಗೆ ಎತ್ತರ 157 ಸೆಂಟಿಮೀಟರ್, ತೂಕ 45 ಕೆಜಿ, 400 ಮೀಟರ್ ಓಟಕ್ಕೆ ಎರಡು ನಿಮಿಷ. ಇದರ ಜೊತೆ ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಮತ್ತೆ ಗುಂಡು ಎಸೆತ.

ತುಂಬ ಜನ ಲಿಖಿತ ಪರೀಕ್ಷೆ ಪಾಸಾದ ಮೇಲೆ ಓಡಲು ಶುರು ಮಾಡುತ್ತಾರೆ. ಅದು ತಪ್ಪು. ಕಾಲಿನ ಸ್ನಾಯು ಒಂದು ತಿಂಗಳಲ್ಲಿ ತಯಾರಾಗುವುದಿಲ್ಲ. ಅರ್ಜಿ ಹಾಕಿದ ದಿನವೇ ಬೆಳಗಿನ ಓಟ ಶುರುವಾಗಲಿ.

ಲಿಖಿತ ಪರೀಕ್ಷೆ ಹೇಗಿರುತ್ತದೆ? ದುಡ್ಡು ಕೊಟ್ಟರೆ ಆಗುತ್ತದೆ ಎನ್ನುತ್ತಾರಲ್ಲ?

ಕಾನ್‌ಸ್ಟೆಬಲ್ ಹುದ್ದೆಗೆ 100 ಅಂಕದ ಒಂದೇ ಪತ್ರಿಕೆ. ಒಂದೂವರೆ ಗಂಟೆ ಸಮಯ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಪಿಎಸ್‌ಐಗೆ ಎರಡು ಪತ್ರಿಕೆ. ಒಂದರಲ್ಲಿ ಪ್ರಬಂಧ, ಸಾರಾಂಶ, ಅನುವಾದ. ಇನ್ನೊಂದು ಬಹು ಆಯ್ಕೆಯದು.

ದುಡ್ಡಿನ ವಿಷಯ ಬಿಚ್ಚಿ ಹೇಳಲೇಬೇಕು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಓಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್ ಬಳಸಿದ್ದು ಬಯಲಿಗೆ ಬಂತು. ಸಿಐಡಿ ತನಿಖೆ ಆಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಪರೀಕ್ಷೆ ರದ್ದಾಗಿ, 2024ರ ಜನವರಿ 23ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಮರು ಪರೀಕ್ಷೆ ನಡೆಸಿತು. ಪ್ರಾಮಾಣಿಕವಾಗಿ ಓದಿ ಬರೆದಿದ್ದವರ ಎರಡು ವರ್ಷಕ್ಕಿಂತ ಜಾಸ್ತಿ ಸಮಯ ಮಣ್ಣುಪಾಲಾಯಿತು. ಅವರಲ್ಲಿ ಕೆಲವರು ಮತ್ತೆ ಓದುವ ಶಕ್ತಿಯೇ ಇಲ್ಲ ಎಂದು ಕೈಬಿಟ್ಟರು.

ಇದು ಬರೀ ಕೆಲಸ ಕಳೆದುಕೊಂಡವರ ನೋವಲ್ಲ. ಸಾಲ ಮಾಡಿ ಲಕ್ಷಗಟ್ಟಲೆ ಕೊಟ್ಟು ಕುರ್ಚಿ ಹಿಡಿದವನು ಆ ಸಾಲವನ್ನು ಎಲ್ಲಿಂದ ತೀರಿಸುತ್ತಾನೆ? ಠಾಣೆಗೆ ಬರುವವರಿಂದ ತಾನೇ? ನೇಮಕ ಕೆಟ್ಟರೆ ಹಕ್ಕುಗಳೂ ಅಲ್ಲೇ ಕೆಡುತ್ತವೆ. ಯಾರಾದರೂ ಮಧ್ಯವರ್ತಿ ಬಂದರೆ ದುಡ್ಡು ಕೊಡಬೇಡಿ, ದೂರು ಕೊಡಿ.

ನನ್ನ ಮೇಲೆ ಕಾಲೇಜಿನಲ್ಲಿದ್ದಾಗ ಒಂದು ಕೇಸ್ ಆಗಿತ್ತು. ಅರ್ಜಿಯಲ್ಲಿ ಬರೆಯಬೇಕಾ?

ಬರೆಯಿರಿ. ಕೇಳಿರುವ ಪ್ರಶ್ನೆಯನ್ನು ಸರಿಯಾಗಿ ಓದಿ, ಕೇಳಿದ್ದಕ್ಕೆ ನಿಜ ಹೇಳಿ.

ಆಯ್ಕೆಯಾದ ಮೇಲೆ ನಿಮ್ಮ ಊರಿನ ಠಾಣೆಯಿಂದ ಪೂರ್ವಾಪರ ವರದಿ ತರಿಸುತ್ತಾರೆ. ಕೇಸ್ ಇದ್ದರೆ ಅದು ಹೊರಗೆ ಬಂದೇ ಬರುತ್ತದೆ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ವಿವರವಾಗಿ ಹೇಳಿದೆ. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು. ಮುಚ್ಚಿಟ್ಟರೆ ನೇಮಕ ರದ್ದು ಮಾಡಬಹುದು. ಆದರೆ ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವಾಗಿದ್ದರೆ, ಇಲಾಖೆ ಅದನ್ನು ಮನ್ನಿಸುವ ಅವಕಾಶವೂ ಇದೆ. ಅಂದರೆ ನಿಜ ಹೇಳಿದವನಿಗೆ ಒಂದು ದಾರಿ ಉಳಿಯುತ್ತದೆ. ಮುಚ್ಚಿಟ್ಟವನಿಗೆ ಆ ದಾರಿಯೂ ಕಿರಿದಾಗುತ್ತದೆ.

ಖುಲಾಸೆ ಆಗಿದ್ದರೆ ಕೆಲಸ ಗ್ಯಾರಂಟಿ ಎಂದೂ ತಿಳಿಯಬೇಡಿ. ಸಾಕ್ಷಿಗಳು ತಿರುಗಿಬಿದ್ದು, ಸಂಶಯದ ಲಾಭದಲ್ಲಿ ಖುಲಾಸೆಯಾದವರನ್ನು ಪೊಲೀಸ್ ಇಲಾಖೆ ಬೇಡ ಎನ್ನಬಹುದು ಎಂದು ಮೆಹರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪಿನ ಪ್ರತಿ ಇಟ್ಟುಕೊಂಡು ವಕೀಲರಿಗೆ ತೋರಿಸಿ.

ಲಿಂಗತ್ವ ಅಲ್ಪಸಂಖ್ಯಾತರು ಅರ್ಜಿ ಹಾಕಬಹುದಾ?

ಖಂಡಿತ. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿ ನಿಯಮ ತಿದ್ದುಪಡಿ ಮಾಡಿ ಸರ್ಕಾರಿ ಕೆಲಸಗಳಲ್ಲಿ ಅವರಿಗೆ ಶೇಕಡಾ 1 ಮೀಸಲು ಕೊಟ್ಟಿತು. ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಅರ್ಜಿಯಲ್ಲಿ ಅದಕ್ಕೆ ಬೇರೆ ಕಲಂ ಇರುತ್ತದೆ.

ಬೀಟ್ ಪೊಲೀಸ್, ಜನಸ್ನೇಹಿ ಪೊಲೀಸ್ ಅಂತ ಕೇಳುತ್ತೇವೆ. ಇದೆಲ್ಲ ಏನು?

ಸ್ವಲ್ಪ ಹಿಂದಕ್ಕೆ ಹೋಗಬೇಕು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಪೊಲೀಸ್ ಪಡೆ ಕಟ್ಟಿದಾಗ, ಬೀದಿಬೀದಿಯಲ್ಲಿ ಗಸ್ತು ತಿರುಗುವ, ಜನ ಮುಖ ನೋಡಿ ಗುರುತಿಸುವ ಪೊಲೀಸ್ ಇರಲಿ ಎಂಬುದು ಯೋಚನೆಯಾಗಿತ್ತು. ಆದರೆ ಅದೇ ಬ್ರಿಟಿಷರು 1857ರ ದಂಗೆಯ ನಂತರ, 1861ರಲ್ಲಿ ನಮಗೆ ಕೊಟ್ಟ ಪೊಲೀಸ್ ಕಾಯ್ದೆ ಬೇರೆ ಥರದ್ದು. ಅದಕ್ಕೆ ಮಾದರಿ ಐರ್ಲೆಂಡಿನ ಪಡೆ. ಜನರನ್ನು ಹದ್ದುಬಸ್ತಿನಲ್ಲಿ ಇಡುವುದೇ ಅದರ ಕೆಲಸ. ಪೊಲೀಸ್ ಎಂದರೆ ಇವತ್ತಿಗೂ ನಮ್ಮ ಹೊಟ್ಟೆಯಲ್ಲಿ ಒಂದು ಅಳುಕು ಏಳುತ್ತದಲ್ಲ, ಅದರ ಬೇರು ಅಲ್ಲಿದೆ ಎಂದು ನನಗೆ ಅನಿಸುತ್ತದೆ.

ಆ ಅಳುಕು ಕಳೆಯುವ ಪ್ರಯತ್ನಗಳು ಹಲವು ಕಡೆ ಆಗಿವೆ. 1993ರಲ್ಲಿ ತಮಿಳುನಾಡಿನ ರಾಮನಾಥಪುರದಲ್ಲಿ ಫ್ರೆಂಡ್ಸ್ ಆಫ್ ಪೊಲೀಸ್ ಎಂಬ, ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ ಸಂಘಟನೆ ಶುರುವಾಯಿತು. 2008ರಲ್ಲಿ ಕೇರಳದಲ್ಲಿ ಜನಮೈತ್ರಿ ಬಂತು. ಅಲ್ಲಿ ಒಂದಷ್ಟು ಬೀದಿಗಳ ಹೊಣೆ ಹೊತ್ತ ಬೀಟ್ ಅಧಿಕಾರಿ ಮನೆಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದೇ ಕೆಲಸದ ಭಾಗ. ಕರ್ನಾಟಕದಲ್ಲಿ 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಪರಿಷ್ಕರಿಸಿ, ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿದರು. 2025ರಲ್ಲಿ ಮನೆ ಮನೆಗೆ ಪೊಲೀಸ್ ಎಂಬ ಕಾರ್ಯಕ್ರಮ ಬಂತು.

ಇದರಿಂದ ಏನು ಲಾಭ? ನಿಮ್ಮ ಬೀದಿಯ ಹೊಣೆ ಹೊತ್ತ ಪೊಲೀಸರ ಹೆಸರು, ಫೋನ್ ನಂಬರ್ ನಿಮ್ಮ ಹತ್ತಿರ ಇದ್ದರೆ ಅರ್ಧ ಭಯ ಹೋಗುತ್ತದೆ. ಅವರಿಗೆ ನಿಮ್ಮ ಮಗ ದಿನಾ ಯಾವ ಬಸ್ಸಿಗೆ ಹೋಗುತ್ತಾನೆ ಎಂದು ಗೊತ್ತಿದ್ದರೆ, ಯಾವುದೋ ಕಳ್ಳತನಕ್ಕೆ ಸುಮ್ನೆ ಅವನನ್ನು ಎಳೆದು ತರುವುದೂ ಕಡಿಮೆಯಾಗುತ್ತದೆ. ಕಾಗದದ ಮೇಲಿನ ಹಕ್ಕಿಗಿಂತ ಈ ಪರಿಚಯ ಎಷ್ಟೋ ಸಲ ಬೇಗ ಕೆಲಸ ಮಾಡುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಬೀಟ್ ಸಭೆಗೆ ಹೋಗುವುದು ಅಂದರೆ ಅಕ್ಕಪಕ್ಕದವರ ಮೇಲೆ ಕಣ್ಣಿಡುವುದಾ?

ಅಲ್ಲ, ಹಾಗೆ ಆಗಲೂಬಾರದು. ಬೀದಿ ದೀಪ ಇಲ್ಲದ ಜಾಗ, ಶಾಲೆ ಬಿಡುವ ಹೊತ್ತಿನ ಕಾಟ, ಒಂಟಿಯಾಗಿರುವ ವೃದ್ಧರ ಮನೆ, ಇವನ್ನು ಹೇಳಲು ಆ ಸಭೆ ಇರುವುದು. ಯಾರ ಮನೆಗೆ ಯಾರು ಬಂದರು ಎಂಬ ಲೆಕ್ಕ ಒಪ್ಪಿಸಲು ಅಲ್ಲ.

ಗಡಿ ದಾಟಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಪೊಲೀಸ್ ವಶದಲ್ಲಿದ್ದ ತಂದೆ ಮತ್ತು ಮಗ ಇಬ್ಬರೂ ಸತ್ತರು. ಆಗ ಫ್ರೆಂಡ್ಸ್ ಆಫ್ ಪೊಲೀಸ್ ಸ್ವಯಂಸೇವಕರ ಮೇಲೂ ಆರೋಪ ಕೇಳಿಬಂತು. ಮುಂದಿನ ತಿಂಗಳೇ ಆ ಸರ್ಕಾರ ಸಂಘಟನೆಯನ್ನು ನಿಷೇಧಿಸಿತು. ಒಳ್ಳೆಯ ಯೋಚನೆಯಿಂದ ಶುರುವಾದದ್ದು ಅಲ್ಲಿಗೆ ಬಂದು ನಿಂತಿತು. ನೀವು ಬೀಟ್ ಸಭೆಗೆ ಹೋಗುವ ನಾಗರಿಕ ಸದಸ್ಯರಾಗಿದ್ದರೆ ನೆನಪಿಡಿ. ನಿಮಗೆ ಯಾರನ್ನೂ ತಡೆದು ವಿಚಾರಿಸುವ, ಚೆಕ್ ಮಾಡುವ, ಹೊಡೆಯುವ ಅಧಿಕಾರ ಇಲ್ಲ.

ಠಾಣೆಗೆ ಬಂದು ಹೋಗಿ ಅಂತ ಫೋನ್ ಬಂದಿದೆ. ಹೋಗಲೇಬೇಕಾ?

ಯಾವ ವಿಷಯಕ್ಕೆ, ಯಾವ ಕೇಸಿನಲ್ಲಿ, ಸಾಕ್ಷಿಯಾಗಿಯೋ ಆರೋಪಿಯಾಗಿಯೋ ಎಂದು ಮರ್ಯಾದೆಯಿಂದ ಕೇಳಿ. ಸರ್, ಲಿಖಿತ ನೋಟಿಸ್ ಕೊಡಿ, ಬರುತ್ತೇನೆ ಎನ್ನುವುದು ಜಗಳವಲ್ಲ, ಅದು ಕಾನೂನು.

ನಿಮ್ಮ ಮೇಲೆ ಅನುಮಾನ ಇದ್ದು, ಬಂಧಿಸುವ ಅಗತ್ಯ ಇಲ್ಲದಿದ್ದರೆ ಸೆಕ್ಷನ್ 35ರ ಅಡಿ ಹಾಜರಾಗಲು ನೋಟಿಸ್ ಕೊಡಬೇಕು. ಆ ನೋಟಿಸ್ ಬಂದ ಮೇಲೆ ಹೋಗಲೇಬೇಕು. ಹೋಗಿ ಸಹಕರಿಸಿದರೆ, ಕಾರಣ ಬರೆದಿಡದೆ ಬಂಧಿಸುವ ಹಾಗಿಲ್ಲ. ಈ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸಾಕ್ಷಿಯಾಗಿ ಕರೆದರೆ ಇನ್ನೊಂದು ರಕ್ಷಣೆ ಇದೆ. ಮಹಿಳೆಯರು, 15ಕ್ಕಿಂತ ಚಿಕ್ಕವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು ಠಾಣೆಗೆ ಬರಬೇಕಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ಇದು ಸೆಕ್ಷನ್ 179. ಅಜ್ಜಿಯನ್ನು ಬೆಳಗಿನಿಂದ ಸಂಜೆವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದನ್ನು ನಾನು ನೋಡಿದ್ದೇನೆ. ಅವತ್ತು ಆ ಸೆಕ್ಷನ್ ನಂಬರ್ ಹೇಳಿದ ಮೇಲೆ ಹತ್ತು ನಿಮಿಷದಲ್ಲಿ ಮನೆಗೆ ಕಳಿಸಿದರು.

ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಸಮವಸ್ತ್ರ ಹಾಕಿದವರು ಡಿಜಿಟಲ್ ಅರೆಸ್ಟ್ ಎಂದರೆ?

ಫೋನ್ ಕಟ್ ಮಾಡಿ. ಅಂಥದ್ದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ಕೈತಪ್ಪುತ್ತದೆ.

ನಿಜವಾಗಿಯೂ ದಸ್ತಗಿರಿ ಮಾಡಿದರೆ ಪೊಲೀಸರು ಏನೇನು ಮಾಡಬೇಕು?

ಇದನ್ನು ಸ್ವಲ್ಪ ನಿಧಾನವಾಗಿ ಓದಿ.

1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು, ಲಾಕಪ್ಪಿನಲ್ಲಿ ಆಗುತ್ತಿದ್ದ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಸುಪ್ರೀಂ ಕೋರ್ಟ್ ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡಿತು. ಹತ್ತು ವರ್ಷದ ನಂತರ, 1996ರ ಡಿಸೆಂಬರ್‌ನಲ್ಲಿ 11 ಸೂಚನೆಗಳಿರುವ ತೀರ್ಪು ಬಂತು. ಇವತ್ತು ಅದರ ಬಹುಪಾಲು ಕಾನೂನಿನ ಒಳಗೇ ಸೇರಿದೆ.

ಬಂಧಿಸುವ ಅಧಿಕಾರಿಯ ಹೆಸರು ಎದೆಯ ಮೇಲೆ ಕಾಣುವಂತೆ ಇರಬೇಕು. ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೋ ಆ ಬಡಾವಣೆಯ ಗೌರವಸ್ಥರೋ ಒಬ್ಬರು ಸಾಕ್ಷಿ ಹಾಕಬೇಕು, ಬಂಧಿತನ ಸಹಿಯೂ ಬೇಕು. ಬಂಧಿತ ಹೇಳಿದ ಒಬ್ಬ ಸಂಬಂಧಿಗೆ ಅಥವಾ ಗೆಳೆಯನಿಗೆ ಎಲ್ಲಿಟ್ಟಿದ್ದೇವೆ ಎಂದು ತಿಳಿಸಬೇಕು. ವೈದ್ಯರ ಹತ್ತಿರ ತಪಾಸಣೆ ಆಗಬೇಕು. ಮೈಮೇಲೆ ಮೊದಲೇ ಗಾಯ ಇದ್ದರೆ ಅದನ್ನು ಬರೆಸಿ, ಠಾಣೆಯಲ್ಲಿ ಆದ ಗಾಯವಿದ್ದರೆ ಹೆದರದೆ ವೈದ್ಯರಿಗೆ ಹೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬಂಧನದ ಕಾರಣ. ಸಂವಿಧಾನದ 22(1)ನೇ ವಿಧಿ ಕಾರಣ ತಿಳಿಸಬೇಕು ಎಂದಿದೆ. ಸುಮ್ನೆ ಸೆಕ್ಷನ್ ನಂಬರ್ ಹೇಳಿದರೆ ಸಾಲದು. ನೀವು ಯಾವ ದಿನ ಏನು ಮಾಡಿದಿರಿ ಎಂದು ಆರೋಪವಿದೆಯೋ ಅದು ಬೇಕು. 2025ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಆ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದಿತು. ತಕ್ಷಣ ಬರೆಯಲು ಆಗದಿದ್ದರೆ ಬಾಯಲ್ಲಿ ಹೇಳಬಹುದು. ಆದರೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕಾಗದ ಕೈಗೆ ಬರಬೇಕು. ಅರ್ಥವಾಗುವ ಭಾಷೆ ಎನ್ನುವ ಮಾತು ನನಗೆ ತುಂಬ ಹಿಡಿಸಿತು. ಕನ್ನಡ ಮಾತ್ರ ಬಲ್ಲವನಿಗೆ ಇಂಗ್ಲಿಷ್ ಕಾಗದ ಕೊಟ್ಟರೆ ಕೊಟ್ಟ ಹಾಗಲ್ಲ.

ಇನ್ನೊಂದು ವಿಷಯ. ಅಧಿಕಾರ ಇದೆ ಎಂದ ಮಾತ್ರಕ್ಕೆ ಬಂಧಿಸುವ ಹಾಗಿಲ್ಲ, ಬಂಧಿಸುವ ಅಗತ್ಯ ಏನಿತ್ತು ಎಂದು ತೋರಿಸಬೇಕು ಎಂದು 1994ರ ಜೋಗಿಂದರ್ ಕುಮಾರ್ ತೀರ್ಪು ಹೇಳುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಣ್ಣುಮುಚ್ಚಿ ಬಂಧಿಸಬೇಡಿ ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ಆರೋಪಿ 60 ದಾಟಿದವರೋ ಅಶಕ್ತರೋ ಆಗಿದ್ದರೆ ಡಿವೈಎಸ್‌ಪಿ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ.

24 ಗಂಟೆ ಅಂತಾರಲ್ಲ, ಅದರ ಲೆಕ್ಕ ಎಲ್ಲಿಂದ?

ನಿಮ್ಮನ್ನು ಹಿಡಿದ ಕ್ಷಣದಿಂದ. 22(2)ನೇ ವಿಧಿಯ ಪ್ರಕಾರ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಭಾನುವಾರವಾಗಲಿ ಹಬ್ಬವಾಗಲಿ ವಿನಾಯಿತಿ ಇಲ್ಲ. ಕೋರ್ಟ್ ರಜೆ ಇದ್ದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ.

ತೊಂದರೆ ಆಗುವುದು ಇಲ್ಲೇ. ಸೋಮವಾರ ಬೆಳಿಗ್ಗೆ ವಿಚಾರಣೆಗೆಂದು ಕೂರಿಸಿಕೊಂಡು, ಬುಧವಾರ ಸಂಜೆ ದಸ್ತಗಿರಿ ಎಂದು ಬರೆಯುವ ಚಾಳಿ ಇದೆ. ಹೊರಗೆ ಹೋಗಲು ಬಿಡದೆ ಕೂರಿಸಿದರೆ ಅದು ಬಂಧನವೇ. ಹೆಸರು ಏನಿಟ್ಟರೂ ಅಷ್ಟೇ. ಮ್ಯಾಜಿಸ್ಟ್ರೇಟ್ ಎದುರು ಬಾಯಿಬಿಟ್ಟು ಹೇಳಿ: ನನ್ನನ್ನು ಸೋಮವಾರವೇ ಕರೆತಂದರು, ಸ್ವಾಮಿ. ಅವರು ಕೇಳುವ ಆ ಒಂದೆರಡು ನಿಮಿಷವೇ ನಿಮ್ಮ ಅವಕಾಶ. ಪೊಲೀಸರು ಪಕ್ಕದಲ್ಲೇ ನಿಂತಿರುವಾಗ ಬಾಯಿ ಕಟ್ಟುತ್ತದೆ, ಗೊತ್ತು. ಆದರೂ ಹೇಳಬೇಕು.

ಮುಂದೆ ಅಪರಾಧ ಮಾಡದಂತೆ ಮೊದಲೇ ತಡೆಯುವ, ಮುನ್ನೆಚ್ಚರಿಕೆ ಬಂಧನದ ಕಾಯ್ದೆಗಳಲ್ಲಿ ಹಿಡಿದರೆ ಈ 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ. ಅಂಥ ಆದೇಶ ಇದ್ದರೆ ಅದೇ ದಿನ ವಕೀಲರನ್ನು ಹಿಡಿಯಿರಿ.

ಪೊಲೀಸರು ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕಾ?

ಹೆಸರು, ವಿಳಾಸ ಹೇಳಿ. ಸುಳ್ಳು ಮಾತ್ರ ಹೇಳಬೇಡಿ. ಆದರೆ ನಿಮ್ಮನ್ನೇ ಸಿಕ್ಕಿಹಾಕಿಸುವ ಪ್ರಶ್ನೆಗೆ ಸುಮ್ಮನಿರುವ ಹಕ್ಕು ಇದೆ. 20(3)ನೇ ವಿಧಿ ಕೊಟ್ಟಿದ್ದು ಅದನ್ನೇ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಕೋರ್ಟಿನ ಕಟಕಟೆಯಲ್ಲಿ ಮಾತ್ರವಲ್ಲ, ಠಾಣೆಯಲ್ಲೇ ಶುರುವಾಗುತ್ತದೆ ಎಂದು ಹೇಳಿತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳಿನ ಪರೀಕ್ಷೆ ಇವನ್ನು ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. 2010ರಲ್ಲಿ ಬಂದ ಆ ತೀರ್ಪಿನ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಹೇಳಿಕೆ ಬರೆದುಕೊಂಡು ಸಹಿ ಹಾಕು ಎಂದರೆ?

ತನಿಖೆ ವೇಳೆ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಬಂಧನ ಮೆಮೊ, ಸ್ಥಳದಲ್ಲಿ ಕಂಡದ್ದನ್ನು, ವಶಪಡಿಸಿಕೊಂಡದ್ದನ್ನು ಬರೆದಿಡುವ ಮಹಜರು ಇಂಥವುಗಳಿಗೆ ಸಹಿ ಬೇಕಾಗುತ್ತದೆ. ಅವನ್ನು ಓದಿಸಿಕೊಂಡು ಹಾಕಿ. ಖಾಲಿ ಹಾಳೆಗೆ ಮಾತ್ರ ಯಾವತ್ತೂ ಸಹಿ ಬೇಡ.

ನಮ್ಮ ಠಾಣೆಗಳಲ್ಲಿ ಸ್ವಇಚ್ಛಾ ಹೇಳಿಕೆ ಎಂದು ಒಂದನ್ನು ಬರೆಸುತ್ತಾರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಆ ಮಾತಿನಿಂದ ಒಂದು ವಸ್ತು ಸಿಕ್ಕಿದರೆ, ಅದಕ್ಕೆ ಸಂಬಂಧಿಸಿದಷ್ಟು ಭಾಗ ನಿಲ್ಲುತ್ತದೆ. ಚಾಕು ಎಲ್ಲಿ ಬಚ್ಚಿಟ್ಟಿದ್ದೇನೆ ತೋರಿಸುತ್ತೇನೆ ಎನ್ನುವ ಸಾಲು ಎಷ್ಟೋ ಪ್ರಕರಣಗಳಲ್ಲಿ ಇರುವುದು ಇದಕ್ಕೇ.

ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲ.

ಉಚಿತವಾಗಿ ಕೊಡುತ್ತಾರೆ. ಪೊಲೀಸ್ ವಶದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಹಾಗೆಯೇ. ಸಹಾಯವಾಣಿ 15100. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಮ್ಯಾಜಿಸ್ಟ್ರೇಟ್ ಮುಂದೆ ಮೊದಲ ಸಲ ನಿಂತಾಗಲೇ, ನನಗೆ ವಕೀಲರು ಬೇಕು ಎಂದು ಕೇಳಿ.

ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿ ಮಾಡುವ ಹಕ್ಕೂ ಇದೆ. ವಿಚಾರಣೆ ಮುಗಿಯುವವರೆಗೂ ಪಕ್ಕದಲ್ಲಿ ಕೂರಿಸಿಕೊಳ್ಳಲು ಆಗದು, ಆದರೆ ಭೇಟಿಯೇ ಬೇಡ ಎನ್ನುವಂತಿಲ್ಲ. ಇದು ಸೆಕ್ಷನ್ 38.

ಮಹಿಳೆಯರನ್ನು ರಾತ್ರಿ ಬಂಧಿಸಬಹುದಾ? ಮಕ್ಕಳನ್ನು?

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು.

18 ತುಂಬದ ಮಕ್ಕಳನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ಕರೆದೊಯ್ಯಬೇಕು. ಮಗುವಿನ ವಯಸ್ಸಿನ ದಾಖಲೆ ತಕ್ಷಣ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಶಾಲೆಯ ಟಿಸಿ ಒಂದು ಇಲ್ಲದ ಕಾರಣಕ್ಕೆ ಹದಿನಾರರ ಹುಡುಗ ದೊಡ್ಡವರ ಜೊತೆ ಜೈಲಿಗೆ ಹೋಗಬಾರದು.

ರಸ್ತೆಯಲ್ಲಿ ನಿಲ್ಲಿಸಿ ಮೊಬೈಲ್ ಕೊಡು, ಲಾಕ್ ತೆಗೆ ಎನ್ನುತ್ತಾರೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ತೀರ್ಪಿನ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತುರ್ತು ಸಂದರ್ಭ ಬಿಟ್ಟರೆ ಫೋನ್ ಶೋಧಿಸಲು ಕೋರ್ಟಿನ ವಾರಂಟ್ ಬೇಕು ಎಂದು 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ಆದರೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಅಂದರೆ ರಸ್ತೆ ಬದಿಯ ತಪಾಸಣೆಗೆ ಇಲ್ಲ ಎನ್ನಬಹುದು. ಕೋರ್ಟ್ ಆದೇಶ ತಂದರೆ ವಕೀಲರನ್ನು ಕೇಳಿ ಮುಂದುವರಿಯಿರಿ.

ದೂರು ತೆಗೆದುಕೊಳ್ಳುತ್ತಿಲ್ಲ. ನಮ್ಮ ಸರಹದ್ದಲ್ಲ ಎನ್ನುತ್ತಾರೆ.

ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದಂಥ ಅಪರಾಧ ಎಂದು ದೂರಿನಲ್ಲೇ ಕಾಣುತ್ತಿದ್ದರೆ ಎಫ್‌ಐಆರ್ ಹಾಕಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳುತ್ತದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ಎಫ್‌ಐಆರ್ ಪ್ರತಿ ಉಚಿತ. ಎಫ್‌ಐಆರ್ ಹಾಕದೆ ಬರೀ ಹಿಂಬರಹ (ದೂರಿಗೆ ಠಾಣೆ ಬರೆದುಕೊಡುವ ಚೀಟಿ) ಕೊಟ್ಟು ಕಳಿಸಿದರೆ ಅದನ್ನು ಜೋಪಾನ ಮಾಡಿ, ದೂರನ್ನು ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಠಾಣೆಯಲ್ಲಿ ಹೊಡೆದರು. ಸಾಕ್ಷಿ ಎಲ್ಲಿಂದ ತರಲಿ?

ಠಾಣೆಯ ಕ್ಯಾಮೆರಾದಿಂದ. ಲಾಕಪ್ಪು, ಕಾರಿಡಾರು, ಒಳಬಾಗಿಲು ಎಲ್ಲ ಕಡೆ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ದೃಶ್ಯವನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. ದೃಶ್ಯ ಅಳಿಸದಂತೆ ಇಡಿ ಎಂದು ಮೊದಲ ವಾರದಲ್ಲೇ ಲಿಖಿತವಾಗಿ ಕೇಳಿ. ವೈದ್ಯರ ಗಾಯದ ಪತ್ರ ಇನ್ನೊಂದು ಸಾಕ್ಷಿ.

ತಪ್ಪೊಪ್ಪಿಗೆ ಪಡೆಯಲು ಹೊಡೆಯುವುದು ಅಪರಾಧ. ಏಳು ವರ್ಷದವರೆಗೆ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ ಶಿಕ್ಷೆ. ಖಾಕಿ ಹಾಕಿದವರಿಗೆ ವಿನಾಯಿತಿ ಇಲ್ಲ. 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ಪೊಲೀಸ್ ದೂರು ಪ್ರಾಧಿಕಾರವೂ ಇದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು.

ಇಷ್ಟೆಲ್ಲ ಹಕ್ಕು ಕೊಟ್ಟರೆ ಕಳ್ಳರು ತಪ್ಪಿಸಿಕೊಳ್ಳುವುದಿಲ್ವಾ?

ಇದನ್ನು ಕೇಳಿದವಳು ಒಬ್ಬ ತರಬೇತಿ ಕಾನ್‌ಸ್ಟೆಬಲ್. ಪ್ರಾಮಾಣಿಕವಾಗಿಯೇ ಕೇಳಿದಳು. ನಾನು ಅವಳಿಗೆ ಹೇಳಿದ್ದು ಇಷ್ಟು. ಹೊಡೆದು ಬಾಯಿಬಿಡಿಸಿದ ಮಾತು ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಕಾರಣ ಬರೆದುಕೊಡದ ಬಂಧನವನ್ನು ಕೋರ್ಟ್ ರದ್ದು ಮಾಡುತ್ತದೆ. ಕಳ್ಳ ನಿಜವಾಗಿ ತಪ್ಪಿಸಿಕೊಳ್ಳುವುದು ಆಗ. ಹೊಡೆತ ತಾಳದೆ ಅಮಾಯಕ ಒಪ್ಪಿಕೊಂಡರಂತೂ ನಿಜವಾದ ಕಳ್ಳನನ್ನು ಹುಡುಕುವವರೇ ಇರುವುದಿಲ್ಲ. ನಿನ್ನ ಬೀಟ್‌ನ ಜನ ನಿನ್ನನ್ನು ನಂಬಿದರೆ ಅವರೇ ಸುಳಿವು ಕೊಡುತ್ತಾರಮ್ಮಾ, ಲಾಠಿ ಬೇಕಾಗುವುದಿಲ್ಲ ಎಂದೆ. ಅವಳು ಅದನ್ನು ಬರೆದುಕೊಂಡಳು.

ನಮ್ಮ ಮನೆಯವರನ್ನು ಕರೆದುಕೊಂಡು ಹೋಗಿದ್ದಾರೆ. ಎಲ್ಲಿ ಎಂದು ಗೊತ್ತಿಲ್ಲ. ಈಗಲೇ ಏನು ಮಾಡಲಿ?

ಮೊದಲು ಒಂದು ಚೀಟಿಯಲ್ಲಿ ಬರೆಯಿರಿ. ಎಷ್ಟು ಗಂಟೆಗೆ, ಎಲ್ಲಿಂದ, ಎಷ್ಟು ಜನ ಬಂದಿದ್ದರು, ಗಾಡಿ ನಂಬರ್ ಏನು, ನೋಡಿದವರು ಯಾರು. ಗಾಬರಿಯಲ್ಲಿ ಇದೆಲ್ಲ ಬೆಳಗಾಗುವುದರೊಳಗೆ ಮರೆತುಹೋಗುತ್ತದೆ.

ಆಮೇಲೆ ಹತ್ತಿರದ ಠಾಣೆಗೆ ಒಬ್ಬರೇ ಹೋಗಬೇಡಿ, ಇನ್ನೊಬ್ಬರನ್ನು ಕರೆದುಕೊಂಡು ಹೋಗಿ ಕೇಳಿ. ಪ್ರತಿ ಠಾಣೆಯಲ್ಲೂ ಬಂಧಿತರ ವಿವರ ಇಡಲು ಎಎಸ್‌ಐ ಅಥವಾ ಅದಕ್ಕಿಂತ ಮೇಲಿನ ಒಬ್ಬ ಅಧಿಕಾರಿ ಇರಬೇಕು, ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ಇದು ಸೆಕ್ಷನ್ 37. ಅಲ್ಲಿ ಗೊತ್ತಾಗದಿದ್ದರೆ ಜಿಲ್ಲಾ ಕಂಟ್ರೋಲ್ ರೂಮಿಗೆ ಫೋನ್ ಮಾಡಿ. ಬೀಟ್ ಪೊಲೀಸರ ನಂಬರ್ ಇದ್ದರೆ ಅವರಿಗೂ ಮಾಡಿ. ಅದೇ ಹೊತ್ತಿಗೆ 15100ಕ್ಕೆ ಕರೆ ಮಾಡಿ ವಕೀಲರನ್ನು ಕೇಳಿ. ಎಸ್‌ಪಿ ಕಚೇರಿಗೆ ಇಮೇಲ್ ಅಥವಾ ಪತ್ರ ಕಳಿಸಿ, ಕಳಿಸಿದ ಸಮಯ ಉಳಿಸಿಕೊಳ್ಳಿ.

24 ಗಂಟೆ ಕಳೆದರೂ ಸುಳಿವು ಸಿಗದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಆ ಮನುಷ್ಯನನ್ನು ನಮ್ಮ ಮುಂದೆ ತಂದು ನಿಲ್ಲಿಸಿ ಎಂದು ಕೋರ್ಟ್ ಪೊಲೀಸರಿಗೆ ಹೇಳುತ್ತದೆ. ಅದನ್ನು ಹೆಂಡತಿ, ತಾಯಿ, ಗೆಳೆಯ ಯಾರು ಬೇಕಾದರೂ ಹಾಕಬಹುದು. ಬಂಧಿತನ ಸಹಿ ಬೇಡ. ವಕೀಲರು ನಿಮ್ಮನ್ನು ಮೊದಲು ಕೇಳುವುದು ಎಷ್ಟು ಗಂಟೆಗೆ ಕರೆದೊಯ್ದರು ಎಂದು. ಆಗ ಆ ಚೀಟಿಯನ್ನು ಅವರ ಕೈಗೆ ಕೊಡಿ.